ಕಾರಿನ ಶಾಕ್ ಸತ್ತದ್ದು ನನಗೇ ಕೊನೆಗೆ ಗೊತ್ತಾಯಿತು

ಈಗ ಪರದೆಯ ಮೇಲೆ ಬರುತ್ತಿರುವ ಎಡ ತಿರುವನ್ನು ಗಮನಿಸಿ. ವೇಗ ಗಂಟೆಗೆ ಐವತ್ತು ಕಿಲೋಮೀಟರ್ ಕೂಡ ಇಲ್ಲ. ತಿರುವಿನ ನಡುವೆ ಡಾಂಬರಿಗೆ ಒಂದು ತೇಪೆ ಹಾಕಿದ್ದಾರೆ. ಹಿಂದಿನ ಚಕ್ರ ಅದರ ಮೇಲೆ ಹಾದದ್ದೇ ತಡ, ಕಾರಿನ ಹಿಂಭಾಗ ಅಂಗೈಯಗಲ ಹೊರಕ್ಕೆ ಜಿಗಿಯಿತು. ಸ್ಟೀರಿಂಗ್ ಮೇಲಿದ್ದ ಕೈ ತಾನಾಗಿಯೇ ಅದನ್ನು ತಿದ್ದಿತು. ಬಾಯಿ ಮಾತ್ರ ನಿಲ್ಲಲಿಲ್ಲ, ಕೇಳಿ: ಮಧ್ಯಾಹ್ನ ಉಪ್ಪಿಟ್ಟಿಗೆ ಉಪ್ಪು ಹೆಚ್ಚಾದ ಕಥೆ ಹೇಳುತ್ತಿದ್ದೇನೆ. ಮನೆಗೆ ಬಂದು ಈ ದೃಶ್ಯ ನೋಡುವವರೆಗೆ ಕಾರು ಜಿಗಿದದ್ದೇ ನನಗೆ ತಿಳಿದಿರಲಿಲ್ಲ.

ಇದು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಿಂದ ಮೌಂಟ್ ಹ್ಯಾಮಿಲ್ಟನ್ ಶಿಖರಕ್ಕೆ ಏರುವ ರಸ್ತೆ. ತುದಿಯಲ್ಲಿ ಲಿಕ್ ವೀಕ್ಷಣಾಲಯದ ಬಿಳಿಯ ಗುಮ್ಮಟಗಳಿವೆ. ದೂರದರ್ಶಕದ ಸಾಮಾನುಗಳನ್ನು ಕುದುರೆಗಾಡಿಗಳು ಎಳೆದೊಯ್ಯಬೇಕಿತ್ತು. ಅದಕ್ಕಾಗಿ 1876ರಲ್ಲಿ ಮಾಡಿದ ರಸ್ತೆಯಿದು. ಕುದುರೆಗೆ ಏರು ಕಡಿದಾಗಬಾರದೆಂದು ಬೆಟ್ಟವನ್ನು ಸುತ್ತಿ ಸುತ್ತಿ ಕೊಂಡೊಯ್ದಿದ್ದಾರೆ. ಕುದುರೆಯ ಮೇಲೆ ತೋರಿದ ಆ ಕರುಣೆಯ ಫಲವನ್ನು ಇಂದು ನಮ್ಮಂಥವರು ಅನುಭವಿಸುತ್ತಿದ್ದೇವೆ. ಹಣ ಕೊಟ್ಟ ಜೇಮ್ಸ್ ಲಿಕ್ ಅವರ ಸಮಾಧಿ ಇರುವುದೂ ಆ ದೊಡ್ಡ ದೂರದರ್ಶಕದ ಬುಡದಲ್ಲೇ.

ಕಾರು 1999ರ ಮಜ್ದಾ ಮಿಯಾಟಾ. ಎರಡೇ ಸೀಟು, ಬಟ್ಟೆಯ ಚಾವಣಿ, ತೂಕ ಒಂದು ಟನ್ನಿನ ಆಸುಪಾಸು. ಮೊದಲ ಮಾಲೀಕರು ಸ್ಪೋರ್ಟ್ ಪ್ಯಾಕೇಜ್ ಆರಿಸಿಕೊಂಡಿದ್ದರಿಂದ ಕಾರ್ಖಾನೆಯಿಂದಲೇ ಬಿಲ್‌ಸ್ಟೈನ್ ಕಂಪನಿಯ ಶಾಕ್‌ಗಳು, ಅಂದರೆ ಶಾಕ್ ಅಬ್ಸಾರ್ಬರ್‌ಗಳು, ಬಂದಿದ್ದವು. ಮೀಟರ್ ಈಗ 1,12,000 ಮೈಲಿ, ಅಂದರೆ ಸುಮಾರು 1,80,000 ಕಿಲೋಮೀಟರ್ ತೋರಿಸುತ್ತಿದೆ. ಎಂಬತ್ತು ಸಾವಿರ ಕಿಲೋಮೀಟರಿಗೆ ಶಾಕ್ ಬದಲಿಸಿ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಹೇಳುವವರಲ್ಲಿ ಶಾಕ್ ಮಾರುವವರೇ ಹೆಚ್ಚಾದ್ದರಿಂದ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಹಾಗೆ ನೋಡಿದರೆ ಶಾಕ್ ಅಬ್ಸಾರ್ಬರ್ ಎಂಬ ಹೆಸರೇ ತಪ್ಪು. ಆಘಾತ ನುಂಗುವುದು ಸ್ಪ್ರಿಂಗ್, ಹೆಸರು ಹೊತ್ತುಕೊಂಡದ್ದು ಶಾಕ್. ಸ್ಪ್ರಿಂಗನ್ನು ಅದರ ಪಾಡಿಗೆ ಬಿಟ್ಟರೆ ತೂಗಿಬಿಟ್ಟ ತೊಟ್ಟಿಲಿನಂತೆ ಆಡುತ್ತಲೇ ಇರುತ್ತದೆ. ಆ ತೊಟ್ಟಿಲನ್ನು ಹಿಡಿದು ನಿಲ್ಲಿಸುವ ಕೈಯೇ ಶಾಕ್. ಕೊಳವೆಯೊಳಗೆ ಎಣ್ಣೆ, ಎಣ್ಣೆಯಲ್ಲಿ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ಕವಾಟಗಳು. ಮಲೆನಾಡಿನವರಿಗೆ ಸುಲಭವಾಗಿ ಹೇಳಬಹುದು: ಜೋನಿ ಬೆಲ್ಲದಲ್ಲಿ ಸೌಟು ಆಡಿಸಿದ ಹಾಗೆ. ಆಡಿಸುವ ಶ್ರಮವೆಲ್ಲ ಬಿಸಿಯಾಗಿ ಹೊರಟುಹೋಗುತ್ತದೆ. ಎಣ್ಣೆಯಲ್ಲಿ ಗುಳ್ಳೆ ಏಳದಿರಲೆಂದು ಒಳಗೆ ನೈಟ್ರೋಜನ್ ಅನಿಲವನ್ನು ಒತ್ತಡದಲ್ಲಿ ತುಂಬಿರುತ್ತಾರೆ. ಸೀಲು ಸವೆದು ಎಣ್ಣೆಯೂ ಅನಿಲವೂ ಸೋರಿದರೆ ಬೆಲ್ಲದ ಜಾಗದಲ್ಲಿ ನೊರೆ ಮಜ್ಜಿಗೆ ಉಳಿಯುತ್ತದೆ. ಸೌಟು ಸಲೀಸಾಗಿ ಆಡುತ್ತದೆ.

ಇದು ಒಂದೇ ದಿನ ಆಗುವುದಿಲ್ಲ, ಮೋಸ ಇರುವುದೇ ಅಲ್ಲಿ. ದಿನಕ್ಕೆ ಕೂದಲೆಳೆಯಷ್ಟು ಸವೆಯುತ್ತದೆ, ಓಡಿಸುವವನೂ ದಿನಕ್ಕೆ ಅಷ್ಟೇ ಹೊಂದಿಕೊಳ್ಳುತ್ತಾನೆ. ನನ್ನ ಹೆಂಡತಿ ಒಂದು ವರ್ಷದಿಂದ ಈ ಕಾರಿನಲ್ಲಿ ಕೂರುವುದನ್ನೇ ಬಿಟ್ಟಿದ್ದಳು. "ನೀನು ಕಾರು ಓಡಿಸುತ್ತೀಯೋ, ಅವಲಕ್ಕಿ ಕುಟ್ಟುತ್ತೀಯೋ?" ಎಂದು ಕೇಳಿದ್ದಳು. ಸ್ಪೋರ್ಟ್ಸ್ ಕಾರು ಎಂದರೆ ಹೀಗೆಯೇ ಇರುತ್ತದೆ ಎಂದು ಆಗ ಪಾಠ ಮಾಡಿದ್ದೆ. ಪಾಠ ಮಾಡಿದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಕುರುಹುಗಳು ಇರಲಿಲ್ಲವೆಂದಲ್ಲ. ಹೆದ್ದಾರಿಯಲ್ಲಿ ಗುಂಯ್ ಎಂಬ ಸದ್ದು ಬರುತ್ತಿತ್ತು, ವೇಗ ಏರಿದಂತೆ ಅದೂ ಏರುತ್ತಿತ್ತು. ಒಂದು ಗ್ಯಾರೇಜಿನವರು ವೀಲ್ ಬೇರಿಂಗ್ ಎಂದರು, ಆಮೇಲೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿಯಿಲ್ಲ, ಎಂದರು. ಎರಡು ಸಲ ಅಲೈನ್‌ಮೆಂಟ್ ಮಾಡಿಸಿ ದುಡ್ಡು ತೆತ್ತೆ. ಯಾರೂ, ನಾನೂ ಸೇರಿ, ಟೈರಿನ ಮೇಲೆ ಕೈಯಾಡಿಸಲಿಲ್ಲ. ಈ ದೃಶ್ಯದಲ್ಲಿ ಆಡಿಸುತ್ತಿದ್ದೇನೆ ನೋಡಿ: ಅಂಗೈ ಒಂದು ಉಬ್ಬು ಹತ್ತುತ್ತದೆ, ಒಂದು ತಗ್ಗು ಇಳಿಯುತ್ತದೆ, ಮತ್ತೆ ಉಬ್ಬು. ಚಕ್ರ ನೆಲಕ್ಕೆ ಅಂಟಿಕೊಂಡು ಓಡದೆ ಕುಪ್ಪಳಿಸುತ್ತಾ ಓಡಿದ್ದರಿಂದ ರಬ್ಬರು ಅಲ್ಲಲ್ಲಿ ಕೆರೆದುಹೋಗಿದೆ.

ಕಾರಿನ ಮೂಲೆಯನ್ನು ಒತ್ತಿ ಬಿಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಒಮ್ಮೆ ಎದ್ದು ನಿಂತರೆ ಪಾಸು, ಆಡುತ್ತಲೇ ಇದ್ದರೆ ಫೇಲು. ನನ್ನ ಕಾರು ನಾಲ್ಕೂ ಮೂಲೆಗಳಲ್ಲಿ ಪಾಸಾಗಿತ್ತು. ಪೂರ್ತಿ ಸತ್ತ ಶಾಕನ್ನು ಈ ಪರೀಕ್ಷೆ ಹಿಡಿಯುತ್ತದೆ, ಅರ್ಧ ಸತ್ತದ್ದನ್ನು ಹಿಡಿಯುವುದಿಲ್ಲ. ಕೈಯಿಂದ ಒತ್ತುವುದು ನಿಧಾನದ ಚಲನೆ. ರಸ್ತೆಯ ತೇಪೆ ಚಕ್ರವನ್ನು ಕಣ್ಣು ಮಿಟುಕಿಸುವುದರೊಳಗೆ ಮೇಲಕ್ಕೆ ಎಸೆಯುತ್ತದೆ. ಎರಡಕ್ಕೂ ಹೋಲಿಕೆಯೇ ಇಲ್ಲ.

ನನ್ನ ಕಣ್ಣು ತೆರೆಸಿದ್ದು ಇನ್ನೊಂದು ಮಿಯಾಟಾ. ಸಹೋದ್ಯೋಗಿಯೊಬ್ಬರ 2001ರ ಕಾರು, ಶಾಕ್ ಬದಲಿಸಿ ಎರಡು ತಿಂಗಳಾಗಿತ್ತು. ಇದೇ ರಸ್ತೆ, ಇದೇ ತಿರುವು, ಇದೇ ತೇಪೆ. ತೇಪೆ ದಾಟಿತೆಂದು ಗೊತ್ತಾದದ್ದು ಸದ್ದಿನಿಂದ ಮಾತ್ರ. ಕಾರು ಹಿಡಿದ ಗೆರೆ ಬಿಡಲಿಲ್ಲ. ನನ್ನ ಕೈಗಳು ಮಾತ್ರ ಅಭ್ಯಾಸಬಲದಿಂದ ಸ್ಟೀರಿಂಗನ್ನು ತಿದ್ದಲು ಹೋಗಿ, ಕಾರು ಸುಮ್ಮನೆ ಇದ್ದ ಕಡೆ ನಾನೇ ಓಲಾಡಿಸಿದೆ. ನಿಮ್ಮ ಹಳೆಯ ಕಾರಿನ ಶಾಕ್ ಬಗ್ಗೆ ಸಂಶಯವಿದ್ದರೆ ಅದೇ ಮಾದರಿಯ ಒಳ್ಳೆಯ ಕಾರೊಂದನ್ನು ಹತ್ತು ನಿಮಿಷ ಓಡಿಸಿ ನೋಡಿ.

ಮರುವಾರವೇ ಬಿಚ್ಚಲು ಕುಳಿತೆ. ಹಿಂದಿನ ಶಾಕ್‌ನ ಮೇಲ್ತುದಿಯ ನಟ್ಟುಗಳು ಡಿಕ್ಕಿಯೊಳಗೆ, ಹೊದಿಕೆಯ ಹಿಂದೆ ಅಡಗಿವೆ. ಬಲಗಡೆಯದನ್ನು ಹೊರತೆಗೆದಾಗ ಮಡಿಲಿಗೆ ಕಂದು ಬಣ್ಣದ ಪುಡಿ ಉದುರಿತು. ಅದು ಬಂಪ್ ಸ್ಟಾಪ್. ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ಲೋಹಕ್ಕೆ ಲೋಹ ಬಡಿಯದಂತೆ ತಡೆಯುವ ಮೆತ್ತೆ. ಮಿಯಾಟಾದಲ್ಲಿ ಚಕ್ರಕ್ಕೆ ಮೇಲೇಳಲು ಇರುವ ಜಾಗ ಮೊದಲೇ ಕಡಿಮೆ, ಮೆತ್ತೆಗೆ ದಿನವೂ ಕೆಲಸ. ಇಪ್ಪತ್ತು ವರ್ಷ ದಾಟಿದ ಮೇಲೆ ಹಳೆಯ ಚಕ್ಕುಲಿಯಂತೆ ಪುಡಿಯಾಗಿತ್ತು. ಅವಲಕ್ಕಿ ಕುಟ್ಟುವ ಸದ್ದು ಎಲ್ಲಿಂದ ಬರುತ್ತಿತ್ತೆಂದು ಆಗ ತಿಳಿಯಿತು.

ಶಾಕನ್ನು ನೆಟ್ಟಗೆ ನಿಲ್ಲಿಸಿ ಪಿಸ್ಟನ್ನಿನ ದಂಡವನ್ನು ಒತ್ತಿದೆ. ಮೊದಲ ಎರಡು ಬೆರಳಿನಷ್ಟು ಏನೂ ತಡೆಯಿಲ್ಲದೆ ಒಳಗಿಳಿಯಿತು, ಆಮೇಲೆ ಬಿಗಿಯಾಯಿತು. ಕೈ ಬಿಟ್ಟರೆ ಒಳಗಿನ ಅನಿಲ ದಂಡವನ್ನು ಮೇಲಕ್ಕೆ ತಳ್ಳಬೇಕು. ಇದು ಒತ್ತಿದಲ್ಲೇ ನಿಂತಿತು, ಹಳೆಯ ಸೈಕಲ್ ಪಂಪಿನಂತೆ. ಮೈಯೆಲ್ಲ ಎಣ್ಣೆ, ಎಣ್ಣೆಯ ಮೇಲೆ ಧೂಳಿನ ಪದರ. ಎಡ ತಿರುವಿನಲ್ಲಿ ಕಾರಿನ ಭಾರವೆಲ್ಲ ಹೊರಳುವುದು ಈ ಬಲ ಮೂಲೆಯ ಕಡೆಗೇ. ಉಳಿದ ಮೂರರಿಂದ ಎಣ್ಣೆ ಸೋರಿರಲಿಲ್ಲ, ಅವುಗಳ ದಂಡ ನಿಧಾನವಾಗಿಯಾದರೂ ಮೇಲೆದ್ದಿತು. ಆದರೂ ನಾಲ್ಕನ್ನೂ ಬದಲಿಸಿದೆ. ಒಂದು ಬದಿಗೆ ಹೊಸದು, ಇನ್ನೊಂದು ಬದಿಗೆ ಹಳೆಯದು ಹಾಕಿದರೆ ಕಾರು ಒಂದೊಂದು ತಿರುವಿಗೆ ಒಂದೊಂದು ಬುದ್ಧಿ ತೋರಿಸುತ್ತದೆ. ಹಿಂದಿನ ಜೋಡಿಯನ್ನಷ್ಟೇ ಬದಲಿಸಬಹುದಿತ್ತು, ಆದರೆ ಮುಂದಿನವೂ ಅದೇ ವಯಸ್ಸಿನವು.

ಕೋನಿ ಕಂಪನಿಯ ಹಳದಿ ಶಾಕ್ ತೆಗೆದುಕೊಳ್ಳಬಹುದಿತ್ತು. ಅದರ ಬಿಗಿಯನ್ನು ತಿರುಗಿಸಿ ಹೊಂದಿಸಲು ಬರುತ್ತದೆ. ತಿರುಗಿಸಲು ಏನಾದರೂ ಕೊಟ್ಟರೆ ದಾರಿಯುದ್ದಕ್ಕೂ ನಿಲ್ಲಿಸಿ ತಿರುಗಿಸುವವನು ನಾನು, ಹಾಗಾಗಿ ಮತ್ತೆ ಬಿಲ್‌ಸ್ಟೈನ್. ಜೋಡಿಸುವಾಗ ಒಂದು ಎಚ್ಚರಿಕೆ ಬೇಕು: ಕೆಳಗಿನ ಬೋಲ್ಟುಗಳನ್ನು ಚಕ್ರ ನೇತಾಡುತ್ತಿರುವಾಗ ಬಿಗಿಯಬೇಡಿ. ಕಾರು ನೆಲದ ಮೇಲೆ ತನ್ನ ಭಾರದಲ್ಲಿ ನಿಂತ ಮೇಲೆ ಬಿಗಿಯಿರಿ. ಇಲ್ಲದಿದ್ದರೆ ಬೋಲ್ಟಿನ ಸುತ್ತ ಇರುವ ರಬ್ಬರ್ ಬುಶ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ನಾನು ಒಂದನ್ನು ಮರೆತು ಬಿಗಿದು, ಮತ್ತೆ ಸಡಿಲಿಸಿ, ಬೈದುಕೊಂಡೆ. ಆ ಭಾಗವನ್ನು ಕತ್ತರಿಸಿದ್ದೇನೆ.

ಇದು ನಿನ್ನೆಯ ದೃಶ್ಯ. ಸ್ಮಿತ್ ಕ್ರೀಕ್ ಸೇತುವೆ ದಾಟಿ ಕೊನೆಯ ಏರು. ಪಕ್ಕದ ಸೀಟಿನಲ್ಲಿ ಹೆಂಡತಿ, ಅವಳ ಕೈಯಲ್ಲಿ ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ. ಅದೇ ತೇಪೆ ಬಂತು, ಹೋಯಿತು. ಕಾಫಿ ಚೆಲ್ಲಲಿಲ್ಲ. ಅವಳು ಕಿವಿಗೊಟ್ಟು ಕೇಳಿ, "ಆ ಗುಂಯ್ ಸದ್ದು ಇನ್ನೂ ಇದೆಯಲ್ಲ" ಎಂದಳು. ಇದೆ. ಟೈರಿಗೆ ಬಿದ್ದ ತಗ್ಗನ್ನು ಹೊಸ ಶಾಕ್ ತುಂಬಿಕೊಡುವುದಿಲ್ಲ. ಮುಂದಿನ ತಿಂಗಳ ಸಂಬಳ ಬಂದ ಮೇಲೆ ನಾಲ್ಕು ಟೈರು.