ಮೂರು ಗಾಜಿನ ಲೆನ್ಸು, ಅಂಚಿನ ಕಂಬಗಳು

ಮೇಲುಕೋಟೆ ಕಲ್ಯಾಣಿ, ಬೆಳಗ್ಗೆ ಏಳೂವರೆ. ಒಂದೇ ರೋಲಿನ ಎರಡು ಚಿತ್ರ ಇವು, ಒಂದೇ ಮೆಟ್ಟಿಲ ಮೇಲೆ ನಿಂತು ತೆಗೆದದ್ದು. ಮೊದಲನೆಯದರಲ್ಲಿ ಎದುರು ದಡದ ಕಂಬಸಾಲು ನೋಡಿ. ನಡುವಿನ ಕಂಬ ಚೊಕ್ಕವಾಗಿದೆ. ಹಾಗೇ ಅಂಚಿಗೆ ಬನ್ನಿ, ಕಲ್ಲು ನೆಂದ ಕಾಗದದ ಹಾಗೆ ಮೆತ್ತಗಾಗಿಬಿಟ್ಟಿದೆ. ಎರಡನೆಯದರಲ್ಲಿ ಅಂಚಿನ ಕಂಬಕ್ಕೂ ಏಣು ಬಂದಿದೆ.

ಕ್ಯಾಮೆರಾ ಅದೇ, ಫೋಕಸ್ ಅದೇ. ಮೊದಲನೆಯದು ಎಫ್ 3.5, ಅಂದರೆ ಲೆನ್ಸಿನ ಬಾಯಿ ಪೂರ್ತಿ ತೆರೆದು; ಎರಡನೆಯದು ಎಫ್ 11, ಬಾಯಿ ಕಿರಿದು ಮಾಡಿ, ಅಷ್ಟೇ. ಎಫ್ ಅಂಕಿ ದೊಡ್ಡದಾದಷ್ಟೂ ಬಾಯಿ ಸಣ್ಣದು.

ಕ್ಯಾಮೆರಾ ರೋಲೈ ಬಿ 35. 1966ರ ರೋಲೈ 35ರಲ್ಲಿ ನಾಲ್ಕು ಗಾಜಿನ ಟೆಸ್ಸಾರ್ ಲೆನ್ಸ್ ಇತ್ತು. 1969ರಲ್ಲಿ ಬಂದ ಈ ಅಗ್ಗದ ತಮ್ಮನಿಗೆ ಮೂರೇ ಗಾಜಿನ ಟ್ರಯೋಟಾರ್. ಎರಡರ ಫೋಕಲ್ ಲೆಂತೂ 40 ಎಂಎಂ, ಪೂರ್ತಿ ತೆರೆದ ಬಾಯಿ ಎರಡರದೂ ಎಫ್ 3.5.

ಮೂರು ಗಾಜಿನ ಈ ಲೆಕ್ಕಾಚಾರ 1893ರದ್ದು. ಇಂಗ್ಲೆಂಡಿನ ಯಾರ್ಕ್‌ನಲ್ಲಿ, ದೂರದರ್ಶಕ ತಯಾರಿಸುತ್ತಿದ್ದ ಕುಕ್ ಕಂಪನಿಯ ಡೆನಿಸ್ ಟೇಲರ್ ಹಾಕಿದ್ದು. ಆಚೀಚೆ ಎರಡು ಉಬ್ಬು ಗಾಜು, ನಡುವೆ ಒಂದು ತಗ್ಗು ಗಾಜು. ಉಬ್ಬು ಗಾಜುಗಳು ಬಣ್ಣಗಳನ್ನ ಚದುರಿಸ್ತವೆ, ಚಿತ್ರವನ್ನ ಬಟ್ಟಲಿನ ಹಾಗೆ ಬಾಗಿಸ್ತವೆ. ನಡುವಿನ ಗಾಜು ಅದನ್ನೆಲ್ಲ ಎದುರು ದಿಕ್ಕಿಗೆ ಎಳೆದು ಹೆಚ್ಚುಕಡಿಮೆ ಸಮ ಮಾಡುತ್ತೆ. ಆದರೆ ಬಾಯಿ ಪೂರ್ತಿ ತೆರೆದಾಗ ಗಾಜಿನ ಅಂಚಿನಿಂದ ಬರೋ ಬೆಳಕು ನಡುವಿನ ಬೆಳಕಿನ ಜೊತೆ ಒಂದೇ ಬಿಂದುವಿಗೆ ಸೇರಲ್ಲ. ಬಾಯಿಯನ್ನ ಎಫ್ 8, ಎಫ್ 11ಕ್ಕೆ ಕಿರಿದು ಮಾಡಿದರೆ ಆ ತುಂಟ ಕಿರಣಗಳು ಒಳಗೇ ಬರಲ್ಲ. ಎಫ್ 22ಕ್ಕೆ ಮಾತ್ರ ಹೋಗಬೇಡಿ, ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಹರಡಿ ಚಿತ್ರವೇ ಮಂಕಾಗುತ್ತೆ.

ಒಂದೇ ಗಾಜಿದ್ದರೆ? ಫ್ಯೂಜಿ ಕ್ವಿಕ್‌ಸ್ನ್ಯಾಪ್, ರೋಲ್ ಮುಗಿದ ಮೇಲೆ ಕ್ಯಾಮೆರಾನೇ ಲ್ಯಾಬಿಗೆ ಕೊಡ್ತೀವಲ್ಲ, ಅದು. ಒಂದೇ ಪ್ಲಾಸ್ಟಿಕ್ ಲೆನ್ಸ್, ಎಫ್ 10ಕ್ಕೇ ಕಟ್ಟಿಹಾಕಿರ್ತಾರೆ. ಬಾಗಿದ ಚಿತ್ರವನ್ನ ನೆಟ್ಟಗೆ ಮಾಡೋಕೆ ಇನ್ನೊಂದು ಗಾಜಿಲ್ಲ. ಅದಕ್ಕೆ ಒಳಗೆ ಫಿಲ್ಮನ್ನೇ ಬಾಗಿಸಿ ಕೂರಿಸಿದ್ದಾರೆ! ಖಾಲಿ ಕ್ಯಾಮೆರಾ ಬಿಚ್ಚಿ ಫಿಲ್ಮ್ ಕೂರೋ ಜಾಗ ಬೆರಳಲ್ಲಿ ಸವರಿದಾಗ ಆ ಬಾಗು ಸಿಕ್ಕಿತು. ಇದನ್ನ ಯೋಚಿಸಿದವರ ಬಗ್ಗೆ ನನಗೆ ತುಂಬಾ ಗೌರವ.

ಅದಕ್ಕೇ, ಗಾಜು ಕಡಿಮೆ ಅಂದ ತಕ್ಷಣ ಕಳಪೆ ಲೆನ್ಸ್ ಅನ್ನೋದನ್ನ ನಾನು ಒಪ್ಪಲ್ಲ.

ಇದು ಅದೇ ರೋಲಿನ ಕೊನೆ ಚಿತ್ರ. ಪುಳಿಯೋಗರೆ ಅಂಗಡಿ ಒಳಗೆ ಬೆಳಕು ಸಾಲದೆ ಎಫ್ 3.5, 1/30 ಸೆಕೆಂಡ್. ಗೋಡೆ, ಡಬ್ಬಿ, ಕ್ಯಾಲೆಂಡರ್ ಎಲ್ಲ ಅಂಚಲ್ಲಿ ಕರಗಿ ಸ್ವಲ್ಪ ಕಪ್ಪಾಗಿವೆ. ನಡುವೆ ಅಜ್ಜಿ ಎಲೆಗೆ ಪುಳಿಯೋಗರೆ ಬಡಿಸ್ತಿದ್ದಾರೆ, ಬಳೆಯ ಗೀರು ಸಮೇತ ಕಾಣುತ್ತೆ.