ಕೆರೆಗೆ ಬೆನ್ನು ಹಾಕಿ ನಡೆಯೋಣ

ಎಲ್ಲರಿಗೂ ನಮಸ್ಕಾರ.

ಕೋಲಾರದಲ್ಲಿ ಅಂತರಗಂಗೆ ಅಂದರೆ ಕೈ ಮುಗಿಯುತ್ತೇವೆ. ಬಸವನ ಬಾಯಿಂದ ಬೀಳುವ ನೀರು ನೆನಪಾಗುತ್ತದೆ. ಕೆರೆ ಮುಚ್ಚಿ ಹಬ್ಬಿರುವ ಕಳೆಗೂ ಅದೇ ಹೆಸರು! ಬೆಟ್ಟದ ಮೇಲಿನದು ತೀರ್ಥ, ಕೆಳಗಿನದು ಚರಂಡಿ ತಿಂದು ಬೆಳೆದದ್ದು.

ಅದು ತಿನ್ನುವುದು ಸಾರಜನಕ, ರಂಜಕ. ನಿಮ್ಮ ಡಿಎಪಿ ಗೊಬ್ಬರದ ಮೂಟೆಯಲ್ಲಿರುವುದೂ ಇವೇ. ಚರಂಡಿಯಿಂದ, ಹೊಲದಿಂದ ಹರಿದು ಬರುತ್ತವೆ. ಬಿಸಿಲು, ಗೊಬ್ಬರ ಎರಡೂ ಸಿಕ್ಕರೆ ಎರಡು ವಾರಕ್ಕೆ ಕಳೆ ದುಪ್ಪಟ್ಟು. ನಾವೇನು ಮಾಡುತ್ತೇವೆ? ಜೆಸಿಬಿ ತರಿಸಿ, ಕಿತ್ತು, ಏರಿ ಮೇಲೇ ರಾಶಿ ಹಾಕಿ ಫೋಟೊ ತೆಗೆಸಿಕೊಳ್ಳುತ್ತೇವೆ. ಮಳೆ ಬಂದರೆ ಕೊಳೆತ ಗೊಬ್ಬರವೆಲ್ಲ ವಾಪಸ್ ಕೆರೆಗೇ.

ನಮ್ಮ ತಾತ ನೀರಗಂಟಿ, ಊರ ಕೆರೆ ಕಾಲುವೆ ನೋಡಿಕೊಳ್ಳುವವರು. ಮುಂಗಾರಿಗೆ ಮುಂಚೆ ಸನಿಕೆ ಹೆಗಲಿಗೇರಿಸಿ, ಕೆರೆಗೆ ಬೆನ್ನು ಹಾಕಿ ಹೊರಡುತ್ತಿದ್ದರು. "ತಾತ, ಕೆರೆ ಆ ಕಡೆ ಅಲ್ವಾ?" ಅಂದೆ. "ಕೆರೆ ಎಲ್ಲಿಗೂ ಹೋಗಲ್ಲ ಬಾರೋ" ಅಂದರು. ದಾರಿಯಲ್ಲಿ ಒಬ್ಬರ ರಾಗಿ ಹೊಲ. ಪುಣ್ಯಾತ್ಮ ವರ್ಷಕ್ಕೊಂದು ಸಾಲು, ಕೆರೆಗೆ ನೀರು ತರುವ ಕಾಲುವೆಯೊಳಗೆ ಉತ್ತುಕೊಂಡು ಬಂದಿದ್ದ. ತಾತ ಜಗಳವಾಡಲಿಲ್ಲ. ಬದುವಿನ ಮೇಲೆ ಕೂತು ಎಲೆಅಡಿಕೆ ಕೇಳಿದರು. ಆಮೇಲೆ ನೀರು. ಆಮೇಲೆ ಮಜ್ಜಿಗೆ. "ಒಂದು ಸಾಲು ತಾನೆ ಮಾವ" ಅಂದ ಅವನು. ತಾತ ಮಾತೇ ಆಡಲಿಲ್ಲ. ಬಿಸಿಲು ನೆತ್ತಿಗೆ ಬಂತು, ಊಟದ ಹೊತ್ತಾಯಿತು. ಇವರು ಊಟಕ್ಕೂ ಕೂರುತ್ತಾರೆ ಅಂತ ಖಾತ್ರಿಯಾದ ಮೇಲೆ ಅವನೇ ಸನಿಕೆ ಇಸಿದುಕೊಂಡು ಕಾಲುವೆ ಬಿಡಿಸಿದ. ನನಗಂತೂ ಮಜ್ಜಿಗೆ ಲಾಭ.

ಇವತ್ತು ಆ ಒಂದು ಸಾಲು ಲೇಔಟ್ ಆಗಿದೆ. ಉಳಿದ ರಾಜಕಾಲುವೆಗೆ ಮನೆಮನೆಯ ಪೈಪು ಬಿಟ್ಟಿದ್ದೇವೆ. ಮಳೆನೀರಿಗೆ ದಾರಿ ಇಲ್ಲ, ಕೊಳಚೆಗೆ ಹೆದ್ದಾರಿ.

2018ರಲ್ಲಿ ಲಕ್ಷ್ಮೀಸಾಗರದ ಕೆರೆಗೆ ಬೆಂಗಳೂರಿನ ಕೆ.ಸಿ. ವ್ಯಾಲಿ ನೀರು, ಅಂದರೆ ಅಲ್ಲಿನ ಶುದ್ಧೀಕರಿಸಿದ ಚರಂಡಿ ನೀರು ಬಂತು. ಒಣಗಿದ್ದ ಕೆರೆಗಳಲ್ಲಿ ನೀರು ಕಂಡ ಖುಷಿ ನನಗೂ ಆಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಅದು ಎರಡು ಹಂತ ಮಾತ್ರ ಶುದ್ಧವಾದ ನೀರು. ಕೊಳೆಯುವ ಹೊಲಸು ಹೋಗುತ್ತದೆ, ರಂಜಕ ಜಾಸ್ತಿ ಪಾಲು ಹಾಗೇ ಉಳಿಯುತ್ತದೆ. ಅದನ್ನೂ ತೆಗೆಯುವ ಮೂರನೆಯ ಹಂತ ಕೇಳುವುದು ನಮ್ಮ ಹಕ್ಕು. ಒಂದು ಕೆರೆ ಕೋಡಿ ಬಿದ್ದರೆ ಆ ನೀರೇ ಕೆಳಗಿನ ಕೆರೆಗೆ ಅಲ್ವಾ?

ಚೀಟಿ ಬಂತು, ಐದೇ ನಿಮಿಷವಂತೆ. ಹೂಳಿನ ವಿಷಯ ಓಡಿಸಿಬಿಡುತ್ತೇನೆ. ಹಳೆಯ ರಂಜಕ ಹೂಳಲ್ಲಿ ಕೂತಿರುತ್ತದೆ. ತಳದಲ್ಲಿ ಆಮ್ಲಜನಕ ಮುಗಿದರೆ ಮತ್ತೆ ನೀರಿಗೆ ಬಿಡುತ್ತದೆ. ಹಾಗಾಗಿ ಹೂಳು ತೆಗೆಯಲೇಬೇಕು. ಆದರೆ ಮೊದಲು ಪೈಪು ನಿಲ್ಲಿಸಿ, ಆಮೇಲೆ ಹೂಳು. ನೀರು ಒಳಬರುವ ಬಾಯಲ್ಲಿ ರಂಜಕ ಹೀರುವ ಜೊಂಡು ಬೆಳೆಸಿ, ವರ್ಷವರ್ಷ ಕೊಯ್ದು ದೂರ ಸಾಗಿಸಿ. ನೀಲಗಿರಿ ತೋಪು, ಫ್ಲೋರೈಡ್ ಎರಡೂ ಉಳಿದವು, ಊಟ ಮಾಡುತ್ತಾ ಮಾತಾಡೋಣ.

ಭಾನುವಾರ ಬೆಳಿಗ್ಗೆ ಕೋಡಿ ಹತ್ತಿರ ಸೇರಿ, ಕಾಲುವೆ ಹಿಡಿದು ಮೇಲಕ್ಕೆ ನಡೆಯುತ್ತೇವೆ. ಸನಿಕೆ ಇದ್ದವರು ತನ್ನಿ. ಎಲೆಅಡಿಕೆ ನಾನು ತರುತ್ತೇನೆ.