ದುಡ್ಡು ಕೇಳುವ ಪತ್ರದಲ್ಲಿ ಸಿನಿಮಾ ಕಾಣಬೇಕು

ಎಲ್ಲರಿಗೂ ನಮಸ್ಕಾರ.

ಸಾಕ್ಷ್ಯಚಿತ್ರ ಮಾಡಲು ಹೊರಟವರಿಗೆ ಕ್ಯಾಮೆರಾ ಕಲಿಸುವವರು ಸಿಗುತ್ತಾರೆ, ಎಡಿಟಿಂಗ್ ಕಲಿಸುವವರೂ ಸಿಗುತ್ತಾರೆ. ದುಡ್ಡು ಕೇಳಿ ಪತ್ರ ಬರೆಯುವುದು ಹೇಗೆ ಅಂತ ಮಾತ್ರ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಅದು ಸಿನಿಮಾಕ್ಕೆ ಸಂಬಂಧವಿಲ್ಲದ ಗುಮಾಸ್ತಿಕೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ನನ್ನ ಮಟ್ಟಿಗೆ ಚಿತ್ರದ ಮೊದಲ ಎಡಿಟಿಂಗ್ ನಡೆಯುವುದೇ ಆ ಪತ್ರದಲ್ಲಿ. ಏನನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಮೊದಲ ಸಲ ತೀರ್ಮಾನವಾಗುವುದು ಅಲ್ಲಿ. ಪತ್ರ ಬರೆಯಲು ಬರುತ್ತಿಲ್ಲ ಎಂದರೆ ಬಹಳ ಸಲ ಚಿತ್ರವೇ ಇನ್ನೂ ತಲೆಯಲ್ಲಿ ಮೂಡಿಲ್ಲ ಎಂದರ್ಥ.

ಹಿಂದೆ ಸರ್ಕಾರದ ಬಾಗಿಲು ಒಂದಿತ್ತು. 1948ರಲ್ಲಿ ಶುರುವಾದ ಫಿಲ್ಮ್ಸ್ ಡಿವಿಷನ್ ತಾನೇ ಸಾಕ್ಷ್ಯಚಿತ್ರ ಮಾಡಿಸುತ್ತಿತ್ತು. ಥಿಯೇಟರಿನಲ್ಲಿ ಸಿನಿಮಾಕ್ಕೆ ಮುಂಚೆ ಅದರ ವಾರ್ತಾಚಿತ್ರ ನೋಡಿದ ಹಿರಿಯರು ಇಲ್ಲೇ ಕೂತಿದ್ದೀರಿ. ಆ ಸಂಸ್ಥೆ 2022ರಲ್ಲಿ ಕೇಂದ್ರ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮವಾದ ಎನ್‌ಎಫ್‌ಡಿಸಿಯೊಳಗೆ ಸೇರಿಹೋಯಿತು. ಈಗ ಸ್ವತಂತ್ರವಾಗಿ ಚಿತ್ರ ಮಾಡುವವರು ಒಂದೇ ಕಡೆಯಿಂದ ಪೂರ್ತಿ ದುಡ್ಡು ಸಿಗುತ್ತದೆ ಎಂದು ಕಾಯುವ ಹಾಗಿಲ್ಲ. ನಾಲ್ಕು ಕಡೆ ಬರೆಯಬೇಕು, ನಾಲ್ಕು ಥರ ಬರೆಯಬೇಕು.

ನಾನು ಬರೆದದ್ದೂ ಇದೆ, ಆಯ್ಕೆ ಸಮಿತಿಯಲ್ಲಿ ಕೂತು ಬೇರೆಯವರು ಬರೆದದ್ದನ್ನು ಓದಿದ್ದೂ ಇದೆ. ಓದುವ ಕಡೆ ಕೂತಾಗ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಬಂದ ಪತ್ರಗಳಲ್ಲಿ ಬಹುಪಾಲು ವಿಷಯದ ಬಗ್ಗೆ ಇರುತ್ತವೆ, ಸಿನಿಮಾದ ಬಗ್ಗೆ ಇರುವುದಿಲ್ಲ. ನೀರಿನ ಸಮಸ್ಯೆ ದೊಡ್ಡದು, ಹೌದು. ಜಾನಪದ ಕಲೆ ಅಮೂಲ್ಯ, ಒಪ್ಪಿದೆ. ಆದರೆ ಪರದೆಯ ಮೇಲೆ ಏನು ಕಾಣುತ್ತದೆ? ಯಾರು ಕಾಣುತ್ತಾರೆ? ಅವರಿಗೆ ಏನಾಗುತ್ತದೆ? ಅದು ಮೂರು ಪುಟ ಓದಿದರೂ ಸಿಗುವುದಿಲ್ಲ. ವಿಷಯ ಎಷ್ಟು ಮಹತ್ವದ್ದು ಎಂದು ಒಪ್ಪಿಸುವುದರಲ್ಲೇ ಪತ್ರ ಮುಗಿದಿರುತ್ತದೆ. ವಿಷಯ ಮುಖ್ಯವಾದದ್ದು ಎಂದು ಓದುವವರಿಗೆ ಮೊದಲೇ ಗೊತ್ತು. ಅದೇ ವಿಷಯದ ಮೇಲೆ ಇನ್ನೂ ಐದು ಅರ್ಜಿ ಅವರ ಮೇಜಿನ ಮೇಲಿರುತ್ತವೆ.

ಒಂದು ಉದಾಹರಣೆ ಕಟ್ಟಿಕೊಂಡು ಮಾತಾಡೋಣ. ತೊಗಲುಗೊಂಬೆ ಆಟ ತೆಗೆದುಕೊಳ್ಳಿ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಮೇಲೆ ಈ ಕಲೆಯ ಹೆಸರು ದೂರದವರೆಗೆ ಮುಟ್ಟಿತು. ಇದರ ಮೇಲೆ ಚಿತ್ರ ಮಾಡಬೇಕು ಅಂತ ನಮ್ಮಲ್ಲಿ ಒಬ್ಬರು ಪತ್ರ ಬರೆದರು ಎಂದುಕೊಳ್ಳಿ. ಸಾಮಾನ್ಯವಾಗಿ ಅದು ಹೀಗೆ ಶುರುವಾಗುತ್ತದೆ:

“ನಮ್ಮ ನಾಡಿನ ಭವ್ಯ ಪರಂಪರೆಯ ಪ್ರತೀಕವಾದ ತೊಗಲುಗೊಂಬೆ ಕಲೆಯು ಇಂದು ಆಧುನಿಕತೆಯ ಭರಾಟೆಯಲ್ಲಿ ಅಳಿವಿನಂಚಿಗೆ ಸರಿದಿದೆ. ಕಡುಬಡತನದಲ್ಲಿ ಬೇಯುತ್ತಿರುವ ಈ ಕಲಾವಿದರ ಬದುಕಿನ ಮೇಲೆ ಬೆಳಕು ಚೆಲ್ಲುವುದು ನಮ್ಮ ಉದ್ದೇಶವಾಗಿದೆ.”

ಈ ವಾಕ್ಯಗಳಲ್ಲಿ ತೊಗಲುಗೊಂಬೆ ತೆಗೆದು ಯಾವ ಕಲೆಯ ಹೆಸರು ಹಾಕಿದರೂ ನಡೆಯುತ್ತದೆ. ಬರೆದವರು ಆ ಊರಿಗೆ ಹೋಗಿದ್ದರು ಎಂಬುದಕ್ಕೆ ಒಂದು ಗುರುತೂ ಇಲ್ಲ. ಈಗ ಇನ್ನೊಂದು ಕೇಳಿ. ಇದೂ ನಾನೇ ಉದಾಹರಣೆಗೆಂದು ಬರೆದದ್ದು, ಮನೆಯವರೆಲ್ಲ ಕಲ್ಪಿತ:

“ಮಾನ್ಯರೆ, ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಲ್ಲಿ ತೊಗಲುಗೊಂಬೆ ಆಡಿಸುವ ಮನೆತನವೊಂದಿದೆ. ಪರದೆಯ ಹಿಂದೆ ಅಜ್ಜಿ ಹಾಡುತ್ತಾರೆ, ಮಗ ಗೊಂಬೆ ಆಡಿಸುತ್ತಾನೆ. ಪಿಯುಸಿ ಮುಗಿಸಿದ ಮೊಮ್ಮಗಳು ಹೊಸಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅಜ್ಜಿಗೆ ಈಗ ದನಿ ಏಳುತ್ತಿಲ್ಲ. ಬರುವ ಜಾತ್ರೆಗೆ ನೀನೇ ಹಾಡಬೇಕು ಎಂದು ಮನೆಯವರು ಮೊಮ್ಮಗಳಿಗೆ ಹೇಳಿದ್ದಾರೆ. ಅವಳು ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. ಜಾತ್ರೆಯವರೆಗಿನ ಎಂಟು ತಿಂಗಳು ಈ ಮನೆಯ ಜೊತೆಗಿದ್ದು 60 ನಿಮಿಷದ ಸಾಕ್ಷ್ಯಚಿತ್ರ ಮಾಡುತ್ತಿದ್ದೇನೆ. ಮೊದಲ ಹಂತದ ಚಿತ್ರೀಕರಣಕ್ಕೆ 4,20,000 ರೂಪಾಯಿ ಬೇಕಾಗಿದೆ. ಅದಕ್ಕಾಗಿ ತಮಗೆ ಬರೆಯುತ್ತಿದ್ದೇನೆ.”

ಎರಡನೆಯದರಲ್ಲಿ ಬಡತನ ಎಂಬ ಮಾತಿಲ್ಲ, ಪರಂಪರೆ ಎಂಬ ಮಾತಿಲ್ಲ. ಆದರೂ ಕಲೆಗೆ ಏನಾಗುತ್ತಿದೆ ಎಂದು ತಿಳಿಯಿತು. ಓದಿದವರಿಗೆ ಒಂದು ಪ್ರಶ್ನೆ ಹುಟ್ಟಿತು: ಆ ಹುಡುಗಿ ಹಾಡುತ್ತಾಳಾ? ಚಿತ್ರ ಎಷ್ಟು ಉದ್ದ, ಎಷ್ಟು ಕಾಲ ಹಿಡಿಯುತ್ತದೆ, ಎಷ್ಟು ದುಡ್ಡು ಬೇಕು ಎಂಬುದೂ ಮೊದಲ ಪ್ಯಾರಾದಲ್ಲೇ ಬಂತು. ದುಡ್ಡಿನ ಮಾತನ್ನು ಕೊನೆಯ ಪುಟದ ಕೊನೆಯ ಸಾಲಿಗೆ ತಳ್ಳುವ ಸಂಕೋಚ ನಮ್ಮವರಿಗೆ ಬಹಳ. ಕೊಡುವವರು ಅದನ್ನೇ ಹುಡುಕುತ್ತಾ ಪುಟ ತಿರುವುತ್ತಾರೆ. ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಸಮಾಧಾನವಾಗಿ ಓದುತ್ತಾರೆ.

ಎರಡನೆಯ ಪ್ಯಾರಾದಲ್ಲಿ ನಿಮ್ಮ ಚಿತ್ರದ ನೋಟ ಬರಬೇಕು. ನಾವು ಟ್ರೀಟ್‌ಮೆಂಟ್ ಅನ್ನುತ್ತೇವಲ್ಲ, ಅದು. ಅಲ್ಲಿ “ಸುಂದರ ದೃಶ್ಯಗಳ ಮೂಲಕ”, “ಭಾವಪೂರ್ಣವಾಗಿ” ಎಂದೆಲ್ಲ ಬರೆದರೆ ಏನೂ ಹೇಳಿದಂತಾಗುವುದಿಲ್ಲ. ತೊಗಲುಗೊಂಬೆಯಲ್ಲಿ ಒಂದು ಬಿಳಿ ಪರದೆ ಇದೆ, ಹಿಂದಿನಿಂದ ಬೆಳಕು ಬೀಳುತ್ತದೆ. ಆಡಿನ ತೊಗಲನ್ನು ಹದ ಮಾಡಿ, ಬೆಳಕು ಹಾಯುವಷ್ಟು ತೆಳುವು ಮಾಡಿ ಬಣ್ಣ ಬರೆದ ಗೊಂಬೆಗಳು. ಮುಂದೆ ಕೂತವರಿಗೆ ಬಣ್ಣದ ನೆರಳು ಕಾಣುತ್ತದೆ. ಹಿಂದೆ ಹೋದರೆ ಬೇರೆಯೇ ಲೋಕ: ಬಿದಿರ ಕಡ್ಡಿ ಹಿಡಿದ ಕೈ, ಬೆವರು, ತಾಳ ಹಾಕುವವರು, ಮುಂದಿನ ಪಾತ್ರದ ಗೊಂಬೆಯನ್ನು ಕತ್ತಲಲ್ಲಿ ಹುಡುಕಿ ಕೊಡುವ ಮನೆಯವರು. ನಿಮ್ಮ ಕ್ಯಾಮೆರಾ ಪರದೆಯ ಯಾವ ಕಡೆ ನಿಲ್ಲುತ್ತದೆ? ಈ ಪ್ರಶ್ನೆಗೆ ಎರಡು ಸಾಲಿನ ಉತ್ತರ ಬರೆಯಿರಿ. “ಮೊಮ್ಮಗಳು ತೀರ್ಮಾನ ಮಾಡುವ ತನಕ ನಾವು ಪರದೆಯ ಹಿಂದೆಯೇ ಇರುತ್ತೇವೆ, ಜಾತ್ರೆಯ ರಾತ್ರಿ ಮಾತ್ರ ಮುಂದಕ್ಕೆ ಬಂದು ಊರವರ ನಡುವೆ ಕೂರುತ್ತೇವೆ” ಎಂದು ಬರೆದರೆ ನಿಮಗೆ ಚಿತ್ರ ಕಂಡಿದೆ ಎಂದು ಓದುವವರಿಗೆ ಗ್ಯಾರಂಟಿ ಆಗುತ್ತದೆ. ಇಷ್ಟು ಹೇಳಲು ದೊಡ್ಡ ಕ್ಯಾಮೆರಾದ ಹೆಸರು ಬೇಕಿಲ್ಲ, ಡ್ರೋನ್ ಬೇಕಿಲ್ಲ.

ಆಮೇಲೆ ನಿಮ್ಮ ಬಗ್ಗೆ. ನೀವೇ ಏಕೆ ಈ ಚಿತ್ರ ಮಾಡಬೇಕು? ಪ್ರಶಸ್ತಿಗಳ ಪಟ್ಟಿಗಿಂತ ಆ ಮನೆಯವರ ಜೊತೆ ನಿಮಗಿರುವ ಒಡನಾಟ ಇಲ್ಲಿ ತೂಕದ್ದು. ಎಷ್ಟು ದಿನದಿಂದ ಹೋಗಿಬರುತ್ತಿದ್ದೀರಿ, ಅವರು ಒಪ್ಪಿದ್ದಾರೆಯೇ, ಅವರ ಮಾತು ನಿಮಗೆ ಗೊತ್ತೇ ಎಂದು ಬರೆಯಿರಿ. ಮೊದಲ ಚಿತ್ರವಾದರೆ ಹಾಗೆಂದೇ ಬರೆಯಿರಿ, ಜೊತೆಗೆ ಅನುಭವಿ ಎಡಿಟರ್ ಒಬ್ಬರು ಇದ್ದಾರೆಂದು ಸೇರಿಸಿ. ಮೂರರಿಂದ ಐದು ನಿಮಿಷದ ಫುಟೇಜ್ ಕಳಿಸಿದರೆ ಬಹಳ ಒಳ್ಳೆಯದು. ಹಿನ್ನೆಲೆ ಸಂಗೀತ ತುಂಬಿದ ಟ್ರೈಲರ್ ಬೇಡ, ಕತ್ತರಿಸದ ಒಂದೆರಡು ದೃಶ್ಯ ಸಾಕು. ಲಿಂಕ್‌ಗೆ ಪಾಸ್‌ವರ್ಡ್ ಇದ್ದರೆ ಅದನ್ನು ಪತ್ರದಲ್ಲೇ ಬರೆಯಿರಿ. ಲಿಂಕ್ ತೆರೆಯದಿದ್ದರೆ ಓದುವವರು ಫೋನ್ ಮಾಡಿ ಕೇಳುವುದಿಲ್ಲ, ಮುಂದಿನ ಅರ್ಜಿಗೆ ಹೋಗುತ್ತಾರೆ.

ಇನ್ನು ಬಜೆಟ್. ಇದನ್ನು ಕೊನೆಯ ರಾತ್ರಿ ಅಂದಾಜಿನಲ್ಲಿ ಹಾಕುವವರೇ ಹೆಚ್ಚು. ಆ 4,20,000 ಎಲ್ಲಿಂದ ಬಂತು ನೋಡಿ. 12 ದಿನದ ಚಿತ್ರೀಕರಣ. ಕ್ಯಾಮೆರಾಮನ್‌ಗೆ ಅವರ ಕ್ಯಾಮೆರಾ ಸೇರಿ ದಿನಕ್ಕೆ 15,000, ಒಟ್ಟು 1,80,000. ಧ್ವನಿ ಹಿಡಿಯುವವರಿಗೆ ದಿನಕ್ಕೆ 6,000ದಂತೆ 72,000. ಕಾರಿಗೆ 42,000, ಊಟ ವಸತಿಗೆ 48,000. ಎರಡು ಹಾರ್ಡ್ ಡಿಸ್ಕ್‌ಗೆ 18,000, ಏಕೆಂದರೆ ಒಂದೇ ಪ್ರತಿ ಇಟ್ಟುಕೊಂಡು ಊರಿಂದ ವಾಪಸ್ಸು ಬರಬಾರದು. ಉಳಿದ 60,000 ಕಲಾವಿದರ ಮನೆಗೆ. ಈ ಕೊನೆಯ ಸಾಲು ಬಹಳ ಬಜೆಟ್‌ಗಳಲ್ಲಿ ಇರುವುದಿಲ್ಲ, ಅದು ನನಗೆ ಸಂಕಟ ತರುತ್ತದೆ. ಕ್ಯಾಮೆರಾ ಮುಂದೆ ಕೂತ ದಿನ ಅವರಿಗೆ ಕೂಲಿ ತಪ್ಪುತ್ತದೆ, ಆಟ ತಪ್ಪುತ್ತದೆ. ಕ್ಯಾಮೆರಾಮನ್‌ಗೆ ಸಂಬಳ ಇದ್ದ ಹಾಗೆ ಅವರಿಗೂ ಗೌರವಧನ ಇರಲೇಬೇಕು. ಹಣ ತೆಗೆದುಕೊಂಡವರು ಹೇಳಿದಂತೆ ನಟಿಸುತ್ತಾರೆ ಎಂಬ ವಾದ ಕೆಲವರದು. ಮನೆಯ ಒಂದು ದಿನದ ದುಡಿಮೆಯನ್ನು ತುಂಬಿಕೊಡುವುದಕ್ಕೂ ನಟನೆಗೆ ದುಡ್ಡು ಕೊಡುವುದಕ್ಕೂ ವ್ಯತ್ಯಾಸವಿದೆ, ಅದನ್ನು ಪತ್ರದಲ್ಲಿ ಒಂದು ಸಾಲಿನಲ್ಲಿ ವಿವರಿಸಿದರಾಯಿತು.

ಇದು ಮೊದಲ ಹಂತ ಮಾತ್ರ. ಪೂರ್ತಿ ಚಿತ್ರದ ಬಜೆಟ್ ಬೇರೆ ಹಾಳೆಯಲ್ಲಿರಲಿ: ಎಡಿಟಿಂಗ್, ಸೌಂಡ್ ಮಿಕ್ಸಿಂಗ್, ಸಬ್‌ಟೈಟಲ್, ಬೇರೆಯವರ ಸಂಗೀತ ಅಥವಾ ಹಳೆಯ ಫುಟೇಜ್ ಬಳಸಿದರೆ ಅದರ ಹಕ್ಕು, ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಸರ್ಟಿಫಿಕೇಟು. ಬೇರೆ ಕಡೆಯಿಂದ ಎಷ್ಟು ಬಂದಿದೆ, ಎಲ್ಲೆಲ್ಲಿ ಕೇಳಿದ್ದೀರಿ ಎಂಬುದನ್ನೂ ಮುಚ್ಚಿಡಬೇಡಿ. ನಿಮ್ಮ ಸಂಬಳವನ್ನೂ ಬರೆಯಿರಿ. ನಿರ್ದೇಶಕರ ಹೆಸರಿನ ಮುಂದೆ ಸೊನ್ನೆ ಇದ್ದರೆ ತ್ಯಾಗ ಅಂತ ಯಾರೂ ಮೆಚ್ಚುವುದಿಲ್ಲ, ಈ ಮನುಷ್ಯ ಚಿತ್ರ ಮುಗಿಸುವ ತನಕ ಬದುಕುವುದು ಹೇಗೆ ಎಂಬ ಅನುಮಾನ ಹುಟ್ಟುತ್ತದೆ.

ಯಾರಿಗೆ ಬರೆಯಬೇಕು ಎಂಬುದಕ್ಕೆ ಬರುತ್ತೇನೆ. ನಮ್ಮ ಬೆಂಗಳೂರಿನಲ್ಲೇ 1993ರಲ್ಲಿ ಸ್ಥಾಪನೆಯಾದ, ಕಲೆಗೆ ಅನುದಾನ ಕೊಡುವ ಇಂಡಿಯಾ ಫೌಂಡೇಶನ್ ಫಾರ್ ದ ಆರ್ಟ್ಸ್ ಇದೆ, ಐಎಫ್‌ಎ ಅನ್ನುತ್ತೇವೆ. ಅಲ್ಲಿಗೆ ಯಾವುದೇ ಭಾರತೀಯ ಭಾಷೆಯಲ್ಲಿ ಅರ್ಜಿ ಬರೆಯಬಹುದು. ಇಂಗ್ಲಿಷ್ ಬರುವುದಿಲ್ಲ ಅಂತ ಹಿಂಜರಿಯುತ್ತಿರುವವರು ಇಲ್ಲಿ ಇದ್ದರೆ ದಯವಿಟ್ಟು ಇದನ್ನು ಗುರುತು ಹಾಕಿಕೊಳ್ಳಿ. ಅಜ್ಜಿಯ ಮಾತನ್ನು ಕನ್ನಡದಲ್ಲೇ ಬರೆದರೆ ಅದರ ಕಸುವು ಉಳಿಯುತ್ತದೆ. ಹೊರದೇಶದಲ್ಲಿ ಆಮ್‌ಸ್ಟರ್‌ಡ್ಯಾಮಿನ ಇಡ್ಫಾ ಸಾಕ್ಷ್ಯಚಿತ್ರೋತ್ಸವದ ಬರ್ತಾ ಫಂಡ್ ಇದೆ, ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದಂಥ ಕಡೆಯ ಸಾಕ್ಷ್ಯಚಿತ್ರಗಳಿಗೆ ನೆರವಾಗುತ್ತದೆ. ಅಮೆರಿಕದ ಸನ್‌ಡ್ಯಾನ್ಸ್ ಸಂಸ್ಥೆಗೂ ಸಾಕ್ಷ್ಯಚಿತ್ರ ನಿಧಿ ಇದೆ. ಕೋಲ್ಕತ್ತದ ಸಾಕ್ಷ್ಯಚಿತ್ರ ವೇದಿಕೆಯಾದ ಡಾಕ್‌ಎಡ್ಜ್‌ನಲ್ಲಿ ದುಡ್ಡು ಕೊಡುವವರ ಮುಂದೆ ಬಾಯಿಮಾತಿನಲ್ಲಿ ಚಿತ್ರವನ್ನು ಮಂಡಿಸಬೇಕು. ಪತ್ರ ಸರಿಯಾಗಿ ಬರೆದವರಿಗೆ ಅಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣಕ್ಕೆ ಬರೆಯುವವರು ಒಂದು ತಿಳಿದಿರಿ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು ಅನ್ನುತ್ತದೆ, ಕಲೆ ಮತ್ತು ಸಂಸ್ಕೃತಿ ಆ ಪಟ್ಟಿಯಲ್ಲಿದೆ. ಆದರೆ ಅದು ಒಬ್ಬ ವ್ಯಕ್ತಿಯ ಖಾತೆಗೆ ಬರುವ ದುಡ್ಡಲ್ಲ. ನೋಂದಾಯಿತ ಟ್ರಸ್ಟೋ ಸಂಘವೋ ಬೇಕು, 2021ರಿಂದ ಅದು ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿಯಾಗಿರಬೇಕು. ಅಂಥ ಸಂಸ್ಥೆ ಯಾವುದಾದರೂ ನಿಮ್ಮ ಚಿತ್ರವನ್ನು ತನ್ನ ಕೆಲಸವಾಗಿ ಎತ್ತಿಕೊಂಡರೆ ಮಾತ್ರ ಕಂಪನಿಗೆ ಬರೆಯಿರಿ. ದೇಣಿಗೆ ಕೊಟ್ಟವರಿಗೆ ಸಿಗುವ ಆದಾಯ ತೆರಿಗೆ ವಿನಾಯಿತಿಯೂ (80ಜಿ ಎನ್ನುತ್ತಾರೆ) ಹಾಗೆಯೇ, ನೀವು ವೈಯಕ್ತಿಕವಾಗಿ ಅದರ ರಸೀದಿ ಕೊಡಲಾಗದು.

ಅಮೆರಿಕದಲ್ಲಿರುವ ನಮ್ಮವರು, ಕನ್ನಡ ಕೂಟದವರು ಪ್ರೀತಿಯಿಂದ ಕಳಿಸುತ್ತೇವೆ ಅನ್ನುತ್ತಾರೆ. ಇಲ್ಲಿ ವಿದೇಶಿ ದೇಣಿಗೆ ಕಾನೂನು ಅಡ್ಡ ಬರುತ್ತದೆ. ಭಾರತದ ಪೌರತ್ವ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಅನಿಸಿಕೊಳ್ಳುವುದಿಲ್ಲ. ಅಲ್ಲಿನ ಪಾಸ್‌ಪೋರ್ಟ್ ಪಡೆದವರು, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಸರಿ, ಕಳಿಸಿದ್ದು ವಿದೇಶಿ ದೇಣಿಗೆಯೇ. ಸಂಬಂಧಿಕರಿಗೆ ನಿಯಮ ಬೇರೆ. ವಿದೇಶಿ ನಿಧಿಗೆ ಅರ್ಜಿ ಹಾಕುವ ಮೊದಲು, ಹಣ ಬಂದ ಮೇಲಲ್ಲ, ಆಡಿಟರ್ ಹತ್ತಿರ ಹೋಗಿ ಕೂತು ಮಾತಾಡಿ.

ಊರಿನ ಜನರಿಂದಲೇ ಕೂಡಿಸುವ ದಾರಿಯೂ ಇದೆ. ಶ್ಯಾಮ್ ಬೆನೆಗಲ್ ಅವರ ‘ಮಂಥನ್’ಗೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿದ್ದರು. ನಮ್ಮಲ್ಲಿ 2013ರ ‘ಲೂಸಿಯಾ’ಕ್ಕೆ ಪವನ್ ಕುಮಾರ್ ಅವರು ಜನರಿಂದಲೇ ಬಂಡವಾಳ ಎತ್ತಿದರು. ಎರಡೂ ಕಥಾಚಿತ್ರಗಳು ನಿಜ, ಆದರೆ ಹಾಕಿದವರಿಗೆಲ್ಲ ಅದು ತಮ್ಮ ಸಿನಿಮಾ ಆಗಿತ್ತು. ಜನರಿಗೆ ಬರೆಯುವ ಪತ್ರ ಒಂದೇ ಪುಟ ಇರಲಿ. ಲಾಭದ ಆಸೆ ತೋರಿಸಬೇಡಿ. ಚಿತ್ರವನ್ನು ನಿಮ್ಮ ಊರಿಗೆ ತಂದು ತೋರಿಸುತ್ತೇನೆ, ಖರ್ಚಿನ ಲೆಕ್ಕ ಕಳಿಸುತ್ತೇನೆ ಎಂಬ ಎರಡು ಮಾತು ಕೊಡಿ.

ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವುದು ಈಗ ಹೇಳುವುದು. ಪತ್ರ ಕಳಿಸುವ ಮುಂಚೆ ಅದನ್ನು ಆ ಮನೆಯವರಿಗೆ ಓದಿ ಹೇಳಿ. ಅವರ ಬಗ್ಗೆ ಬರೆದು ಅವರ ಹೆಸರಿನಲ್ಲಿ ದುಡ್ಡು ಕೇಳುತ್ತಿದ್ದೇವೆ, ಅವರಿಗೇ ಗೊತ್ತಿಲ್ಲದೆ ಅದು ಎಲ್ಲೆಲ್ಲಿಗೋ ಹೋಗಬಾರದು. “ಹೊಟ್ಟೆಗೆ ಹಿಟ್ಟಿಲ್ಲದ ನಿರ್ಗತಿಕರು” ಎಂದು ಬರೆದ ಸಾಲನ್ನು ಅವರೆದುರು ಓದಲು ನಾಲಿಗೆ ಏಳುವುದಿಲ್ಲ. ಏಳದಿದ್ದರೆ ಆ ಸಾಲು ಪತ್ರದಲ್ಲಿ ಇರಬಾರದು. ಓದಿ ಹೇಳಿದಾಗ ಅವರು ತಿದ್ದುತ್ತಾರೆ ಕೂಡ. ಮಳೆ ಕೈಕೊಟ್ಟ ವರ್ಷ ಊರವರು ಕರೆಸಿ ಆಟ ಆಡಿಸುವ ರೂಢಿ ಈ ಕಲೆಗಿದೆ. ಅಂಥ ಸಂಗತಿಗಳು ಪುಸ್ತಕದಲ್ಲಿ ಒಂದು ಸಾಲಾಗಿರುತ್ತವೆ. ಯಾವ ವರ್ಷ, ಯಾರು ಬಂದು ಕರೆದರು, ಎಷ್ಟು ರಾತ್ರಿ ಆಡಿದರು, ಆಮೇಲೆ ಏನಾಯಿತು ಎಂಬುದನ್ನು ಹೇಳಬಲ್ಲವರು ಆ ಮನೆಯವರು. ಅಂಥದೊಂದು ವಿವರ ಪತ್ರಕ್ಕೆ ಸೇರಿದರೆ ಮೂರು ಪುಟದ ಹಿನ್ನೆಲೆ ಟಿಪ್ಪಣಿ ಬೇಡ.

‘ಇಲ್ಲ’ ಎಂಬ ಉತ್ತರ ಬಂದಾಗ ಎರಡು ಸಾಲಿನ ವಂದನೆ ಬರೆದು, ಸಾಧ್ಯವಾದರೆ ಸಮಿತಿಯ ಅಭಿಪ್ರಾಯ ತಿಳಿಸಿ ಎಂದು ಕೇಳಿ. ಕೆಲವರು ಬರೆಯುತ್ತಾರೆ. ಬಂದ ಅಭಿಪ್ರಾಯ ಪತ್ರದ ಬಗ್ಗೆಯೋ ಚಿತ್ರದ ಬಗ್ಗೆಯೋ ನೋಡಿಕೊಳ್ಳಿ, ಎರಡನ್ನೂ ಒಂದೇ ಥರ ತಿದ್ದಲಾಗದು. ಅದೇ ನಿಧಿಗೆ ಮುಂದಿನ ವರ್ಷ ಮತ್ತೆ ಬರೆಯುವುದಕ್ಕೆ ಸಂಕೋಚ ಬೇಡ, ಅಷ್ಟರಲ್ಲಿ ತೆಗೆದ ಹೊಸ ಫುಟೇಜ್ ಜೊತೆಗಿರಲಿ.

ಊಟಕ್ಕೆ ಇನ್ನೂ ಸಮಯವಿದೆ. ಪತ್ರ ತನ್ನಿ ಅಂತ ಮೊದಲೇ ಹೇಳಿದ್ದೆ, ಕೆಲವರ ಕೈಯಲ್ಲಿ ಹಾಳೆ ಕಾಣುತ್ತಿದೆ. ಮೊದಲ ಪ್ಯಾರಾ ಮಾತ್ರ ಓದಿ, ವಿವರಣೆ ಸೇರಿಸಬೇಡಿ. ಕೇಳಿಸಿಕೊಂಡವರು ನಿಮಗೆ ಯಾವ ದೃಶ್ಯ ಕಂಡಿತು ಅಂತ ಹೇಳಿ. ಹಿಂದಿನ ಸಾಲಿನಿಂದ ಶುರು ಮಾಡೋಣ.